ವಿದ್ಯಾರ್ಥಿ ಆರೋಗ್ಯ ಸಮ್ಮೇಳನಕ್ಕೆ ಕೈ ಜೋಡಿಸುವವರಿಗೆ

ವಿದ್ಯಾರ್ಥಿಗಳೇ ನಡೆಸುವ ಆರೋಗ್ಯ ಸಮ್ಮೇಳನದ ಕೆಲಸಕ್ಕೆ ನಾನು ಮೊದಲ ಸಲ ಸೇರಿದ್ದು ನೋಂದಣಿ ಮೇಜಿನಲ್ಲಿ ಕೂರುವುದಕ್ಕೆ. ಬ್ಯಾಡ್ಜ್ ಹುಡುಕಿ ಕೊಡುವುದು, ಪಟ್ಟಿಯಲ್ಲಿ ಟಿಕ್ ಹಾಕುವುದು, ಅಷ್ಟೇ. ಮರುವರ್ಷ ಅಬ್‌ಸ್ಟ್ರ್ಯಾಕ್ಟ್, ಅಂದರೆ ವಿದ್ಯಾರ್ಥಿಗಳು ಕಳಿಸುವ ಸಂಶೋಧನೆಯ ಚಿಕ್ಕ ಸಾರಾಂಶ, ನೋಡುವ ತಂಡಕ್ಕೆ ಸೇರಿದೆ. ಅದರ ಮುಂದಿನ ವರ್ಷ ಇಡೀ ವೇಳಾಪಟ್ಟಿ ನನ್ನ ಕೈಗೆ ಬಂತು. ಈ ಮೂರು ವರ್ಷದಲ್ಲಿ ನನ್ನನ್ನು ಬದಲಾಯಿಸಿದ್ದು ವೇದಿಕೆ ಮೇಲಿನ ಭಾಷಣಗಳಲ್ಲ. ಒಂದು ಚಿಕ್ಕ ಕೆಲಸ ಹಿಡಿದು, ಅದನ್ನು ಕೊನೆಯ ಇ-ಮೇಲ್ ತನಕ ನಾನೇ ಮುಗಿಸಿದ್ದು.

ಹಾಗಾಗಿ ಈ ಲೇಖನ ಸಮ್ಮೇಳನದ ಮುಖ್ಯಸ್ಥರಿಗೆ ಅಂತ ಬರೆದದ್ದಲ್ಲ. "ನಾನೂ ಏನಾದ್ರೂ ಮಾಡ್ಲಾ?" ಅಂತ ಕೇಳಿ ಬಂದು ಸೇರುವ ವಿದ್ಯಾರ್ಥಿಗೆ. ವೈದ್ಯಕೀಯ ಆಗಲಿ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಸಾರ್ವಜನಿಕ ಆರೋಗ್ಯ, ಸಮಾಜಕಾರ್ಯ ಆಗಲಿ, ಕೆಲಸ ಹೆಚ್ಚುಕಡಿಮೆ ಒಂದೇ.

1. ಮೊದಲು ಒಂದು ವಾಕ್ಯ ಬರೆಯಿರಿ

ಸಮ್ಮೇಳನ ಯಾರಿಗೆ, ಯಾತಕ್ಕೆ? ಇದಕ್ಕೆ ಒಂದೇ ವಾಕ್ಯದಲ್ಲಿ ಉತ್ತರ ಬರೆಯಲು ತಂಡಕ್ಕೆ ಆಗದಿದ್ದರೆ, ಸಭಾಂಗಣ ಹುಡುಕಲು ಇನ್ನೂ ಹೊರಡಬೇಡಿ.

ಆರೋಗ್ಯ ಅನ್ನುವುದು ತುಂಬಾ ದೊಡ್ಡ ಪದ. 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ ಅದನ್ನು ದೇಹ, ಮನಸ್ಸು, ಸಾಮಾಜಿಕ ಬದುಕು ಮೂರೂ ಪೂರ್ತಿ ಚೆನ್ನಾಗಿರುವ ಸ್ಥಿತಿ ಎಂದು ವಿವರಿಸುತ್ತದೆ. ಕಾಯಿಲೆ ಇಲ್ಲ ಅಂದ ಮಾತ್ರಕ್ಕೆ ಆರೋಗ್ಯ ಅಲ್ಲ ಎಂದೂ ಹೇಳುತ್ತದೆ. ಅಷ್ಟು ಅಗಲದ ಪದವನ್ನು ಎರಡು ದಿನದ ಕಾರ್ಯಕ್ರಮಕ್ಕೆ ಹಾಗೇ ಇಟ್ಟರೆ, ಹತ್ತು ಜನ ಹತ್ತು ಕಡೆ ಮಾತಾಡಿ ಹೋಗುತ್ತಾರೆ. "ಮಾನಸಿಕ ಆರೋಗ್ಯ" ಅನ್ನುವ ಬದಲು "ರಾತ್ರಿ ಪಾಳಿ ಮಾಡುವ ವಿದ್ಯಾರ್ಥಿಗಳ ನಿದ್ದೆ" ಅಂದು ನೋಡಿ. ಯಾರನ್ನು ಕರೆಯಬೇಕು, ಯಾವ ಕಾರ್ಯಾಗಾರ ಬೇಕು, ಯಾರು ಬಂದು ಕೂರುತ್ತಾರೆ ಅನ್ನುವುದೆಲ್ಲ ತಾನೇ ಹೊಳೆಯುತ್ತದೆ.

ಇನ್ನೊಂದು ಪ್ರಶ್ನೆಯನ್ನೂ ಇದೇ ಹೊತ್ತಿಗೆ ಕೇಳಿಕೊಳ್ಳಿ. ಮುಗಿದ ಮೇಲೆ ಏನು ಉಳಿಯಬೇಕು? 1978ರಲ್ಲಿ ಆಲ್ಮಾ ಆಟಾದಲ್ಲಿ (ಈಗಿನ ಕಝಾಕಿಸ್ತಾನದ ಅಲ್ಮಾಟಿ) 134 ದೇಶಗಳ ಪ್ರತಿನಿಧಿಗಳು ಸೇರಿದ್ದ ಸಮ್ಮೇಳನ ಇವತ್ತಿಗೂ ನೆನಪಿರುವುದು ಅಲ್ಲಿ ಹೊರಟ ಘೋಷಣೆಯಿಂದ. ಪ್ರಾಥಮಿಕ ಆರೋಗ್ಯ ಸೇವೆಯ ಬಗ್ಗೆ ಮಾತು ಬಂದಾಗಲೆಲ್ಲ ಅದರ ಹೆಸರು ಬರುತ್ತದೆ. ನಮ್ಮದು ಅಷ್ಟು ದೊಡ್ಡದಲ್ಲ, ನಿಜ. ಆದರೆ ನಮ್ಮ ಎರಡು ದಿನದಿಂದಲೂ ಒಂದು ಪುಟ ಹೊರಬರಬಹುದು. ಕಾಲೇಜಿನವರು ಓದಿ, ಏನಾದರೂ ಬದಲಾಯಿಸಬಹುದಾದ ಒಂದು ಪುಟ. ಅದು ಬೇಕು ಅಂತಿದ್ದರೆ ಅದನ್ನು ಬರೆಯುವ ಇಬ್ಬರನ್ನು ಮೊದಲ ದಿನವೇ ಗೊತ್ತುಮಾಡಿ. ಕೊನೆಯ ಗೋಷ್ಠಿ ಮುಗಿದಾಗ ಎಲ್ಲರ ಕಣ್ಣೂ ಮನೆ ಕಡೆಗೇ ಇರುತ್ತದೆ. ಆಗ ಯಾರೂ ಪೆನ್ನು ಹಿಡಿಯುವುದಿಲ್ಲ.

2. ನಿಮ್ಮ ಕೆಲಸ ಯಾವುದು ಅಂತ ಬರೆಸಿಕೊಳ್ಳಿ

"ಎಲ್ಲದಕ್ಕೂ ಇದ್ದೀನಿ" ಅನ್ನುವವರು ಒಳ್ಳೆಯ ಮನಸ್ಸಿನವರೇ. ಆದರೆ ಕೊನೆಗೆ ಅವರ ಕೈಯಲ್ಲಿ ಯಾವ ಕೆಲಸವೂ ಪೂರ್ತಿಯಾಗಿರುವುದಿಲ್ಲ. ಕಾರ್ಯಕ್ರಮ, ಅಬ್‌ಸ್ಟ್ರ್ಯಾಕ್ಟ್, ಭಾಷಣಕಾರರು, ನೋಂದಣಿ, ಸ್ಥಳ, ಹಣ, ಪ್ರಚಾರ, ಸ್ವಯಂಸೇವಕರು, ಹೀಗೆ ತಂಡಗಳಿರುತ್ತವೆ. ಒಂದನ್ನು ಆರಿಸಿ. ಅದರೊಳಗೂ ಒಂದು ತುಂಡು ಆರಿಸಿ. ಮೊದಲ ಸಲ ಆದರೆ ಚಿಕ್ಕದನ್ನೇ ತೆಗೆದುಕೊಳ್ಳಿ, ನಾಚಿಕೆ ಬೇಡ.

ಆಮೇಲೆ ನಾಲ್ಕು ವಿಷಯ ಕೇಳಿ ಬರೆದುಕೊಳ್ಳಿ. ಏನು ಮುಗಿಯಬೇಕು, ಯಾವ ತಾರೀಕಿಗೆ, ಗೊಂದಲ ಆದರೆ ಯಾರನ್ನು ಕೇಳಬೇಕು, ಯಾವುದನ್ನು ನಾನೇ ತೀರ್ಮಾನಿಸಬಹುದು. ನಾಲ್ಕನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಆಮೇಲೆ ಪ್ರತಿ ಸಣ್ಣ ಮಾತಿಗೂ ಮುಖ್ಯಸ್ಥರಿಗೆ ಫೋನ್ ಮಾಡುತ್ತಿರುತ್ತಾರೆ, ಇಲ್ಲವೇ ಕೇಳಬೇಕಾದ್ದನ್ನು ಕೇಳದೆ ಮಾಡಿಬಿಡುತ್ತಾರೆ. ಎರಡರಿಂದಲೂ ತೊಂದರೆ.

ವಿದ್ಯಾರ್ಥಿಗಳಿಂದ ಇದೆಲ್ಲ ಆಗುತ್ತಾ ಅಂತ ಅನುಮಾನ ಬಂದರೆ ಒಂದು ಮಾತು ನೆನಪಿಡಿ. ವೈದ್ಯಕೀಯ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಒಕ್ಕೂಟವನ್ನು 1951ರಲ್ಲಿ ಕಟ್ಟಿದವರು ವಿದ್ಯಾರ್ಥಿಗಳೇ. ಅದು ಇವತ್ತಿಗೂ ವಿದ್ಯಾರ್ಥಿಗಳ ಕೈಯಲ್ಲೇ ನಡೆಯುತ್ತಿದೆ.

3. ತಾರೀಕಿನಿಂದ ಹಿಂದಕ್ಕೆ ಎಣಿಸಿ

ಎಂಟು ತಿಂಗಳು ಕೈಯಲ್ಲಿದ್ದರೆ ನೆಮ್ಮದಿ. ಮೊದಲ ತಿಂಗಳಲ್ಲಿ ತಾರೀಕು ಮತ್ತು ಜಾಗ. ಪರೀಕ್ಷೆ ವೇಳಾಪಟ್ಟಿ ನೋಡದೆ ತಾರೀಕು ಹಾಕಬೇಡಿ, ನಿಮ್ಮ ಕಾಲೇಜಿನದಷ್ಟೇ ಅಲ್ಲ, ಬರುವವರ ಕಾಲೇಜುಗಳದ್ದೂ. ಸಮ್ಮೇಳನಕ್ಕೆ ಆರು ತಿಂಗಳು ಇರುವಾಗ ಭಾಷಣಕಾರರಿಗೆ ಪತ್ರ. ಐದು ತಿಂಗಳಿಗೆ ಅಬ್‌ಸ್ಟ್ರ್ಯಾಕ್ಟ್ ಕರೆ. ಮೂರು ತಿಂಗಳಿಗೆ ಅದರ ಗಡುವು. ಎರಡು ತಿಂಗಳಿಗೆ ಫಲಿತಾಂಶ. ದೂರದಿಂದ ಬರುವವರು ರಜೆ ಕೇಳಬೇಕು, ಪ್ರಯಾಣಕ್ಕೆ ಟಿಕೆಟ್ ಮಾಡಬೇಕು, ವೀಸಾ ಬೇಕಾದವರೂ ಇರುತ್ತಾರೆ. ಅವರಿಗೆ ಎರಡು ತಿಂಗಳೂ ಕಡಿಮೆಯೇ.

ಗಡುವಿನ ಬಗ್ಗೆ ಒಂದು ಮಾತು. ಅಬ್‌ಸ್ಟ್ರ್ಯಾಕ್ಟ್‌ಗಳು ಮೊದಲ ಮೂರು ವಾರ ಒಂದೊಂದೇ ಬರುತ್ತವೆ, ಕೊನೆಯ ಎರಡು ದಿನ ಒಟ್ಟಿಗೆ ಬಂದು ಬೀಳುತ್ತವೆ. ಇದು ಗೊತ್ತಿಲ್ಲದೆ ನಮ್ಮ ತಂಡ ಗಾಬರಿಯಾಗಿ ಗಡುವನ್ನು ಎರಡು ಸಲ ಮುಂದೆ ಹಾಕಿತು. ಮೊದಲೇ ಕಷ್ಟಪಟ್ಟು ಕಳಿಸಿದವರಿಗೆ ಅದರಿಂದ ಬೇಸರವಾಯಿತು, ಓದುವವರಿಗೆ ಸಮಯ ಕಡಿಮೆಯಾಯಿತು. ಗಡುವು ಮುಂದೆ ಹಾಕುವುದೋ ಬೇಡವೋ, ಹಾಕಿದರೆ ಎಷ್ಟು ದಿನ ಅನ್ನುವುದನ್ನು ಕರೆ ಹೊರಡಿಸುವ ಮುಂಚೆಯೇ ತೀರ್ಮಾನ ಮಾಡಿಟ್ಟುಕೊಳ್ಳಿ.

4. ಅಬ್‌ಸ್ಟ್ರ್ಯಾಕ್ಟ್: ಇಲ್ಲಿ ಜಾಸ್ತಿ ಹೊತ್ತು ನಿಲ್ಲಿ

ಸಮ್ಮೇಳನದ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಬೇರೆಯವರ ಯೋಚನೆಯನ್ನು ಓದಿ ತೂಗುವುದನ್ನು ಕಲಿಯಲು ಇಷ್ಟು ಒಳ್ಳೆಯ ಅವಕಾಶ ವಿದ್ಯಾರ್ಥಿ ದೆಸೆಯಲ್ಲಿ ಬೇರೆ ಕಡೆ ಸಿಗುವುದು ಕಷ್ಟ.

ಕರೆಯಲ್ಲೇ ಎಲ್ಲ ಸ್ಪಷ್ಟ ಹೇಳಿ. 250 ಪದ ಅಥವಾ 300 ಪದ, ಯಾವುದಾದರೂ ಒಂದು ಮಿತಿ ಹಾಕಿ. ಹಿನ್ನೆಲೆ, ವಿಧಾನ, ಫಲಿತಾಂಶ, ತೀರ್ಮಾನ ಅಂತ ನಾಲ್ಕು ಭಾಗ ಕೊಡಿ. "ಫಲಿತಾಂಶವನ್ನು ಸಮ್ಮೇಳನದಲ್ಲಿ ತಿಳಿಸಲಾಗುವುದು" ಅಂತ ಬರೆದರೆ ನಡೆಯುತ್ತದೋ ಇಲ್ಲವೋ ಅನ್ನುವುದನ್ನೂ ಹೇಳಿ. ಕೆಲಸ ಇನ್ನೂ ನಡೆಯುತ್ತಿರುವವರಿಗೆ ಬೇರೆ ವಿಭಾಗ ಇಟ್ಟರೆ ಇನ್ನೂ ಒಳ್ಳೆಯದು. ಮೊದಲ ವರ್ಷದವರು ಧೈರ್ಯವಾಗಿ ಬರುತ್ತಾರೆ.

ಬಂದದ್ದನ್ನು ಓದುವವರಿಗೆ ಕೊಡುವ ಮುಂಚೆ ಹೆಸರು, ಕಾಲೇಜು, ಗೈಡ್ ಹೆಸರು ಎಲ್ಲ ತೆಗೆಯಿರಿ. ಮೇಲಿನ ಸಾಲಲ್ಲಿ ತೆಗೆದರೆ ಸಾಲದು. ವಿಧಾನದ ಭಾಗದಲ್ಲಿ ಆಸ್ಪತ್ರೆಯ ಹೆಸರು ಇದ್ದೇ ಇರುತ್ತದೆ. ಫೈಲಿನ ಹೆಸರಿನಲ್ಲಿ ಬರೆದವರ ಹೆಸರಿರುತ್ತದೆ. ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಸಂಖ್ಯೆ ಮತ್ತು ಹೆಸರಿನ ಪಟ್ಟಿಯನ್ನು ಒಬ್ಬರ ಹತ್ತಿರ ಮಾತ್ರ ಇಡಿ. ಆ ಒಬ್ಬರು ಅಂಕ ಕೊಡುವವರಾಗಿರಬಾರದು.

ಒಂದೊಂದನ್ನು ಇಬ್ಬರು ಓದಲಿ. ಅಂಕದಲ್ಲಿ ದೊಡ್ಡ ಅಂತರ ಬಂದರೆ ಮೂರನೆಯವರಿಗೆ ಹೋಗಲಿ. ತಮ್ಮ ಗೆಳೆಯರ ಕೆಲಸ, ತಮ್ಮದೇ ಗೈಡ್ ನೋಡಿಕೊಂಡ ಕೆಲಸ ಅಂತ ಗುರುತು ಸಿಕ್ಕಿದರೆ ಓದುವವರು ಅದನ್ನು ವಾಪಸ್ ಕೊಡಬೇಕು. ಯಾಕೆ ಅಂತ ಯಾರೂ ಕೇಳಬಾರದು. ಅಂಕದ ಹಾಳೆ ಚಿಕ್ಕದಿರಲಿ: ಪ್ರಶ್ನೆ ಸ್ಪಷ್ಟ ಇದೆಯಾ, ಆ ಪ್ರಶ್ನೆಗೆ ಈ ವಿಧಾನ ಸರಿಹೊಂದುತ್ತದಾ, ಫಲಿತಾಂಶದಲ್ಲಿ ಇದ್ದಷ್ಟನ್ನೇ ತೀರ್ಮಾನ ಹೇಳುತ್ತಿದೆಯಾ, ನೈತಿಕ ಸಮಿತಿಯ ಅನುಮತಿ ಪಡೆದ ಮಾತು ಇದೆಯಾ. ಕೆಲಸ ಶುರು ಮಾಡುವ ಮುಂಚೆ ಐದು ಅಬ್‌ಸ್ಟ್ರ್ಯಾಕ್ಟ್ ಆರಿಸಿ, ಎಲ್ಲರೂ ಅವಕ್ಕೇ ಅಂಕ ಹಾಕಿ, ಒಟ್ಟಿಗೆ ಕೂತು ಹೋಲಿಸಿ. ನಮ್ಮಲ್ಲಿ ಒಬ್ಬರು ಎಲ್ಲದಕ್ಕೂ ಎಂಟು ಕೊಡುತ್ತಿದ್ದರು, ಇನ್ನೊಬ್ಬರು ನಾಲ್ಕು ದಾಟುತ್ತಿರಲಿಲ್ಲ. ಒಂದು ಗಂಟೆ ಮಾತಾಡಿದ ಮೇಲೆ ಇಬ್ಬರೂ ಹತ್ತಿರ ಬಂದರು. ಆ ಒಂದು ಗಂಟೆ ಮಾತಾಡದಿದ್ದರೆ ಯಾರ ಅಬ್‌ಸ್ಟ್ರ್ಯಾಕ್ಟ್ ಯಾರ ಕೈಗೆ ಹೋಯಿತು ಅನ್ನುವುದರ ಮೇಲೇ ಆಯ್ಕೆ ನಿಲ್ಲುತ್ತಿತ್ತು.

ರೋಗಿಗಳ ವಿಷಯಕ್ಕೆ ಬಂದರೆ ಸಡಿಲ ಬಿಡಲೇಬೇಡಿ. ಮನುಷ್ಯರ ಮೇಲಿನ ಸಂಶೋಧನೆಗೆ ದಾರಿ ತೋರಿಸುವ ಹೆಲ್ಸಿಂಕಿ ಘೋಷಣೆ 1964ರಿಂದ ಇದೆ, 2024ರಲ್ಲಿ ಮತ್ತೆ ಪರಿಷ್ಕರಣೆ ಆಯಿತು. ಸಂಶೋಧನೆಗೆ ಒಳಗಾದವರನ್ನು "ಪಾಲ್ಗೊಂಡವರು" ಎಂದು ಕರೆಯುವ ಬದಲಾವಣೆ ಆಗಲೇ ಬಂದದ್ದು. ಅಬ್‌ಸ್ಟ್ರ್ಯಾಕ್ಟ್ ಓದುವಾಗ ಈ ಒಂದು ಪದ ನನ್ನ ನೋಟವನ್ನೇ ಬದಲಾಯಿಸಿತು. ಒಬ್ಬರೇ ರೋಗಿಯ ವರದಿ ಆದರೆ ಬರವಣಿಗೆಯಲ್ಲಿ ಒಪ್ಪಿಗೆ ಇದೆಯಾ ಕೇಳಿ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಹಾಕಿದರೆ ಗುರುತು ಸಿಗುವುದಿಲ್ಲ ಅನ್ನುವ ನಂಬಿಕೆ ತಪ್ಪು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯೇ ಅದು ಸಾಲದು ಎಂದು ಹೇಳಿದೆ. ಒಂದು ಸಲ ಗೋಷ್ಠಿ ಶುರುವಾಗಲು ಸ್ವಲ್ಪವೇ ಹೊತ್ತಿದ್ದಾಗ ನಮ್ಮ ಗೆಳತಿಯೊಬ್ಬಳು ಸ್ಲೈಡ್‌ನಲ್ಲಿದ್ದ ಎಕ್ಸ್‌ರೇ ಮೂಲೆಯಲ್ಲಿ ರೋಗಿಯ ಪೂರ್ತಿ ಹೆಸರು ನೋಡಿದಳು. ಅವಳು ನೋಡದಿದ್ದರೆ ಆ ಹೆಸರು ತುಂಬಿದ ಸಭಾಂಗಣದ ಮುಂದೆ ದೊಡ್ಡದಾಗಿ ಬೀಳುತ್ತಿತ್ತು. ಆವತ್ತಿನಿಂದ ಪ್ರತಿ ಸ್ಲೈಡನ್ನೂ ಒಬ್ಬರು ಇದೊಂದೇ ಕಾರಣಕ್ಕೆ ನೋಡುತ್ತಾರೆ.

ಆಯ್ಕೆ ಆಗದವರಿಗೂ ಪತ್ರ ಬರೆಯಿರಿ. ಯಾವುದು ಚೆನ್ನಾಗಿತ್ತು ಅಂತ ಒಂದು ಸಾಲು, ಯಾವುದನ್ನು ತಿದ್ದಬಹುದು ಅಂತ ಎರಡು ಸಾಲು. ಸಮಯ ಹಿಡಿಯುತ್ತದೆ, ಆದರೂ ಬರೆಯಿರಿ. ನನಗೂ ಒಂದು ಕಡೆಯಿಂದ "ವಿಷಾದಿಸುತ್ತೇವೆ" ಅನ್ನುವ ಒಂದೇ ಸಾಲಿನ ಉತ್ತರ ಬಂದಿತ್ತು. ಎಲ್ಲಿ ತಪ್ಪಿದೆ ಅಂತ ತಿಳಿಯದೆ ಅದೇ ತಪ್ಪನ್ನು ಮತ್ತೊಂದು ಕಡೆಯೂ ಕಳಿಸಿದೆ.

5. ಹಣ ಕೇಳುವ ಮುಂಚೆ ನಿಯಮ ಮಾಡಿ

ಪ್ರಾಯೋಜಕರು ಬೇಕಾಗುತ್ತಾರೆ. ಆದರೆ ಆರೋಗ್ಯ ಸಮ್ಮೇಳನಕ್ಕೆ ಯಾರ ಹಣವಾದರೂ ಸರಿ ಅನ್ನುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ತಂಬಾಕು ಮತ್ತು ಶಸ್ತ್ರಾಸ್ತ್ರ ಉದ್ಯಮದ ಜೊತೆ ಕೈ ಜೋಡಿಸುವುದಿಲ್ಲ. ಎದೆಹಾಲಿಗೆ ಬದಲಿಯಾಗಿ ಮಾರುವ ಪದಾರ್ಥಗಳ ಪ್ರಚಾರದ ಬಗ್ಗೆ 1981ರಿಂದಲೇ ಅಂತರರಾಷ್ಟ್ರೀಯ ಸಂಹಿತೆ ಇದೆ. ಮಕ್ಕಳ ಆಹಾರದ ಕಂಪನಿಗಳು ಆರೋಗ್ಯ ಕಾರ್ಯಕರ್ತರ ಸಭೆಗಳನ್ನು ಪ್ರಾಯೋಜಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗದರ್ಶನ ಹೇಳುತ್ತದೆ. ಇವನ್ನು ಮುಂದಿಟ್ಟುಕೊಂಡು ನಿಮ್ಮದೇ ಅರ್ಧ ಪುಟದ ನಿಯಮ ಬರೆಯಿರಿ. ಯಾರಿಂದ ಬೇಡ, ಹಣ ಕೊಟ್ಟವರಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ. ಭಾಷಣಕಾರರನ್ನು ಆರಿಸುವ ಹಕ್ಕು ಮಾತ್ರ ಎಷ್ಟು ಹಣಕ್ಕೂ ಸಿಗಬಾರದು. ಹಣ ಎದುರಿಗೆ ಬಂದ ಮೇಲೆ ನಿಯಮ ಬರೆಯಲು ಕೂತರೆ ಕೈ ನಡುಗುತ್ತದೆ.

ಭಾಷಣಕಾರರಿಗೆ ಯಾವುದಾದರೂ ಕಂಪನಿಯ ಜೊತೆ ಸಂಬಂಧ ಇದ್ದರೆ ಮೊದಲ ಸ್ಲೈಡ್‌ನಲ್ಲೇ ಹೇಳಲಿ. ಇದನ್ನು ಆಹ್ವಾನ ಪತ್ರದಲ್ಲೇ ಕೇಳಿ. ಆಗ ಯಾರಿಗೂ ಮುಜುಗರ ಇರುವುದಿಲ್ಲ. ಅದೇ ಪತ್ರದಲ್ಲಿ ವಿಷಯ, ನಿಮಿಷ, ಕೇಳುವವರು ಎಷ್ಟನೇ ವರ್ಷದವರು, ಪ್ರಯಾಣ ಮತ್ತು ವಸತಿ ಯಾರ ಹೊಣೆ, ಎಲ್ಲ ಇರಲಿ.

6. ನಿಮಿಷಗಳ ಲೆಕ್ಕ

ಹತ್ತು ನಿಮಿಷದ ಆರು ಭಾಷಣ ಅಂದರೆ ಒಂದು ಗಂಟೆ ಅಲ್ಲ. ಒಬ್ಬರು ಇಳಿದು ಇನ್ನೊಬ್ಬರು ಹತ್ತಬೇಕು, ಸ್ಲೈಡ್ ತೆರೆಯಬೇಕು, ಹೆಸರು ಹೇಳಬೇಕು. ಏಳು ನಿಮಿಷ ಮಾತು, ಮೂರು ನಿಮಿಷ ಪ್ರಶ್ನೆ, ಎರಡು ನಿಮಿಷ ಬದಲಾವಣೆ ಅಂತ ಹಿಡಿಯಿರಿ. ಆರು ಜನಕ್ಕೆ 72 ನಿಮಿಷ ಆಯಿತು. ಗೋಷ್ಠಿಗೆ 80 ನಿಮಿಷ ಕೊಡಿ. ಮುಂದಿನ ಸಾಲಿನಲ್ಲಿ ಒಬ್ಬರು "2 ನಿಮಿಷ", "1 ನಿಮಿಷ", "ಮುಗಿಸಿ" ಅನ್ನುವ ಮೂರು ಹಲಗೆ ಹಿಡಿದು ಕೂರಲಿ. ದೊಡ್ಡವರು ಮಾತಾಡುವಾಗ ಹಲಗೆ ಎತ್ತಲು ಭಯ ಆಗುತ್ತದೆ ಅಲ್ವಾ? ಅದಕ್ಕೆ ಬೆಳಿಗ್ಗೆಯೇ ಹೋಗಿ "ಸರ್, ಸಮಯಕ್ಕೆ ನಾನು ಈ ಹಲಗೆ ತೋರಿಸುತ್ತೇನೆ, ದಯವಿಟ್ಟು ಗಮನಿಸಿ" ಎಂದು ಹೇಳಿಬಿಡಿ. ಬಹಳಷ್ಟು ಜನ ಸಂತೋಷದಿಂದಲೇ ಒಪ್ಪುತ್ತಾರೆ.

ಕಾರ್ಯಾಗಾರಕ್ಕೂ ಇದೇ ಲೆಕ್ಕ ಬೇಕು. ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಕೊಡುವ ತುರ್ತು ನೆರವು) ಕಲಿಸುತ್ತೀರಿ ಅಂದುಕೊಳ್ಳಿ. ದೊಡ್ಡವರಿಗೆ ಎದೆ ಒತ್ತುವ ವೇಗ ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂಟಿಮೀಟರ್, ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು. ಒಬ್ಬೊಬ್ಬರೂ ಕನಿಷ್ಠ ಎರಡು ನಿಮಿಷ ಒತ್ತಿ ನೋಡಬೇಕು ಅಂತಾಯಿತು. 30 ಜನ, ಅಭ್ಯಾಸಕ್ಕೆ ಮೂರು ಗೊಂಬೆ ಇದ್ದರೆ ಒಂದು ಗೊಂಬೆಗೆ ಹತ್ತು ಜನ. ಒಂದು ಸುತ್ತಿಗೇ 20 ನಿಮಿಷ. ತಿದ್ದಿ ಹೇಳಿ ಎರಡನೇ ಸಲ ಮಾಡಿಸಿದರೆ 45 ನಿಮಿಷ ದಾಟುತ್ತದೆ. ವಿವರಣೆ ಬೇರೆ. ಅರ್ಧ ಗಂಟೆಯಲ್ಲಿ 60 ಜನಕ್ಕೆ ಕಲಿಸುತ್ತೇವೆ ಅಂತ ಪ್ರಕಟಿಸಿದರೆ ಅರ್ಧ ಜನ ಸುಮ್ನೆ ನಿಂತು ನೋಡಿ ಹೋಗುತ್ತಾರೆ. ನೋಡಿ ಬರುವ ವಿದ್ಯೆ ಅಲ್ಲ ಅದು.

ಪೋಸ್ಟರ್ (ಸಂಶೋಧನೆಯನ್ನು ಒಂದೇ ದೊಡ್ಡ ಹಾಳೆಯಲ್ಲಿ ಮುದ್ರಿಸಿ ಹಲಗೆಗೆ ಹಾಕುವುದು) ಬಗ್ಗೆ ನನ್ನ ತಪ್ಪನ್ನೇ ಹೇಳುತ್ತೇನೆ. ಸೂಚನೆಯಲ್ಲಿ "ಎ0 ಅಳತೆ" ಅಂತ ಬರೆದೆ. ಎ0 ಅಂದರೆ 841 × 1189 ಮಿಲಿಮೀಟರ್. ನಿಲುವಾಗಿಯೋ ಅಡ್ಡವಾಗಿಯೋ ಅಂತ ಬರೆಯಲಿಲ್ಲ. ನಮಗೆ ಸಿಕ್ಕ ಹಲಗೆಗಳ ಅಗಲ ಒಂದೇ ಮೀಟರ್. ಅಡ್ಡವಾಗಿ ಮುದ್ರಿಸಿ ತಂದವರ ಪೋಸ್ಟರ್ ಎರಡೂ ಬದಿ ಹೊರಗೆ ಬಂತು. ದೂರದಿಂದ ಸುರುಳಿ ಹೊತ್ತು ಬಂದ ಹುಡುಗನೊಬ್ಬ ಅದನ್ನು ಹಲಗೆಗೆ ಹಿಡಿದು ನಿಂತಿದ್ದ ಮುಖ ನನಗೆ ಇನ್ನೂ ಕಾಣುತ್ತದೆ. ಕೊನೆಗೆ ಗೋಡೆಗೆ ಅಂಟಿಸಿದೆವು. ಹಲಗೆಯನ್ನು ನೀವೇ ಹೋಗಿ ಟೇಪ್ ಹಿಡಿದು ಅಳೆಯಿರಿ, ಆಮೇಲೆ ಸೂಚನೆ ಬರೆಯಿರಿ.

7. ಎಲ್ಲರೂ ಒಳಗೆ ಬರುವ ಹಾಗೆ

ಗಾಲಿಕುರ್ಚಿ ಸಭಾಂಗಣಕ್ಕಷ್ಟೇ ಅಲ್ಲ, ವೇದಿಕೆಗೂ ಶೌಚಾಲಯಕ್ಕೂ ಹೋಗುತ್ತದಾ ಅಂತ ನಡೆದು ನೋಡಿ. "ನನ್ನ ಧ್ವನಿ ದೊಡ್ಡದು, ಮೈಕ್ ಬೇಡ" ಅನ್ನುವವರ ಕೈಗೂ ಮೈಕ್ ಕೊಡಿ. ಕಿವಿ ಸರಿಯಾಗಿ ಕೇಳದವರು ಕೈ ಎತ್ತಿ ಹೇಳಿಕೊಳ್ಳುವುದಿಲ್ಲ. ನೋಂದಣಿ ಅರ್ಜಿಯಲ್ಲೇ "ನಿಮಗೆ ಏನಾದರೂ ವಿಶೇಷ ಅನುಕೂಲ ಬೇಕಾ?" ಎಂದು ಒಂದು ಸಾಲು ಇರಲಿ. ಗ್ರಾಫ್‌ನಲ್ಲಿ ಕೆಂಪು, ಹಸಿರು ಎರಡೇ ಬಣ್ಣದಿಂದ ವ್ಯತ್ಯಾಸ ತೋರಿಸಬೇಡಿ ಎಂದು ಮಾತಾಡುವವರಿಗೆ ತಿಳಿಸಿ. ಪ್ರಥಮ ಚಿಕಿತ್ಸೆ ಎಲ್ಲಿ, ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರ ಕಟ್ಟಡದಲ್ಲಿ ಇದೆಯಾ, ಇದ್ದರೆ ಯಾವ ಗೋಡೆಯಲ್ಲಿ, ಪ್ರತಿ ಸ್ವಯಂಸೇವಕರಿಗೂ ಗೊತ್ತಿರಬೇಕು.

ಆತ್ಮಹತ್ಯೆ, ದೌರ್ಜನ್ಯದಂತಹ ವಿಷಯ ಇದ್ದರೆ ವೇಳಾಪಟ್ಟಿಯಲ್ಲೇ ಮೊದಲು ತಿಳಿಸಿ. ಆತ್ಮಹತ್ಯೆಯ ವಿಧಾನವನ್ನು ವಿವರಿಸಬಾರದು, ಒಂದೇ ಕಾರಣಕ್ಕೆ ಗಂಟು ಹಾಕಬಾರದು, ಸಹಾಯ ಎಲ್ಲಿ ಸಿಗುತ್ತದೆ ಅನ್ನುವುದನ್ನು ತಪ್ಪದೆ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮದವರಿಗೆ ಹೇಳುವ ಈ ಮಾತು ನಮ್ಮ ವೇದಿಕೆಗೂ ಹೊಂದುತ್ತದೆ. ಆ ಹೊತ್ತಿಗೆ ಒಬ್ಬ ಆಪ್ತ ಸಮಾಲೋಚಕರು ಪಕ್ಕದ ಕೋಣೆಯಲ್ಲಿರಲಿ. ಕೇಳುವವರಲ್ಲಿ ಯಾರ ಮನೆಯಲ್ಲಿ ಏನಾಗಿದೆಯೋ ನಮಗೆ ಗೊತ್ತಿರುವುದಿಲ್ಲ.

8. ಆ ದಿನ

ನೋಂದಣಿ ಮೇಜಿಗೆ ಎರಡು ಗಂಟೆ ಸಮಯ ಕೊಟ್ಟರೂ ಜನ ಬರುವುದು ಕೊನೆಯ 20 ನಿಮಿಷದಲ್ಲಿ. ಹೆಸರಿನ ಮೊದಲ ಅಕ್ಷರದ ಪ್ರಕಾರ ಸಾಲು ಬೇರೆ ಮಾಡಿ. ಸ್ಥಳದಲ್ಲೇ ನೋಂದಣಿ ಮಾಡುವವರಿಗೆ ಬೇರೆಯದೇ ಮೇಜು ಹಾಕಿ. ಬ್ಯಾಡ್ಜ್‌ನ ಎರಡೂ ಬದಿ ಹೆಸರಿರಲಿ, ಕೊರಳಲ್ಲಿ ಅದು ತಿರುಗಿಕೊಂಡೇ ಇರುತ್ತದೆ. ಹೆಸರು ದೊಡ್ಡದಾಗಿ, ಸಮ್ಮೇಳನದ ಚಿಹ್ನೆ ಸಣ್ಣದಾಗಿ ಇರಲಿ.

ಸ್ಲೈಡ್‌ಗಳನ್ನು ಹಿಂದಿನ ಸಂಜೆಯೇ ತರಿಸಿ, ಅದೇ ಕಂಪ್ಯೂಟರಿನಲ್ಲಿ ತೆರೆದು ನೋಡಿ. ವಿಡಿಯೋ ಓಡುತ್ತದಾ, ಅಕ್ಷರ ಒಡೆದಿದೆಯಾ ನೋಡಿ, ಒಂದು ಪಿಡಿಎಫ್ ಪ್ರತಿ ಇಟ್ಟುಕೊಳ್ಳಿ. ಯಾರು ಯಾವಾಗ ಎಲ್ಲಿರಬೇಕು ಅನ್ನುವ ಒಂದು ಹಾಳೆ, ಅದರ ಹಿಂದೆ ಎಲ್ಲರ ಫೋನ್ ಸಂಖ್ಯೆ. ಮುದ್ರಿಸಿಯೇ ಕೊಡಿ, ಫೋನ್ ಚಾರ್ಜ್ ಮುಗಿಯುತ್ತದೆ.

ಒಬ್ಬರಿಗೆ ಯಾವ ಕೆಲಸವನ್ನೂ ಕೊಡಬೇಡಿ. ಕೈ ಖಾಲಿ ಇರುವುದೇ ಅವರ ಕೆಲಸ. ಏನಾದರೂ ಕೆಟ್ಟಾಗ ಓಡುವವರು ಅವರೇ. ಪ್ರತಿ ವರ್ಷ ಇದನ್ನು ಹೇಳಿದಾಗ ತಂಡದಲ್ಲಿ ಯಾರಾದರೂ ಒಪ್ಪುವುದಿಲ್ಲ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಒಪ್ಪುತ್ತಾರೆ. ಪಾಳಿ ಹಾಕಿ, ಎಲ್ಲರೂ ಕೂತು ಊಟ ಮಾಡುವ ಹಾಗೆ ನೋಡಿಕೊಳ್ಳಿ. ಆರೋಗ್ಯದ ಸಮ್ಮೇಳನ ಮಾಡಿ ಸ್ವಯಂಸೇವಕರೇ ನಿದ್ದೆಗೆಟ್ಟು ತಲೆ ತಿರುಗಿ ಬೀಳುವ ಹಾಗೆ ಆಗಬಾರದು.

9. ತಪ್ಪಾದಾಗ ಬೇಗ ಹೇಳಿ

ಈ ಇಡೀ ಲೇಖನದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನೇ ಓದಿ.

ಎರಡನೇ ವರ್ಷ ಒಬ್ಬ ಭಾಷಣಕಾರರಿಗೆ ದೃಢೀಕರಣದ ಪತ್ರ ಕಳಿಸುವ ಕೆಲಸ ನನ್ನದಾಗಿತ್ತು. ಬರೆದಿಟ್ಟೆ, ಕಳಿಸಲು ಮರೆತೆ. ಸಮ್ಮೇಳನಕ್ಕೆ ಹನ್ನೆರಡು ದಿನ ಇದ್ದಾಗ ಗೊತ್ತಾಯಿತು. ಎದೆ ಹೊಡೆದುಕೊಂಡಿತು. ತಂಡದವರಿಗೆ ಹೇಳಲಿಲ್ಲ. ಸದ್ದಿಲ್ಲದೆ ಪತ್ರ ಕಳಿಸಿ, ಉತ್ತರಕ್ಕೆ ಕಾದೆ. ಎರಡು ದಿನ ಕಾದೆ. ಮೂರನೇ ದಿನ ಅವರು ಆ ತಾರೀಕಿಗೆ ಬೇರೆ ಕಡೆ ಒಪ್ಪಿಕೊಂಡಿದ್ದೇನೆ ಎಂದು ಬರೆದರು. ಆಗ ಹೋಗಿ ಹೇಳಿದೆ. ನಮ್ಮ ಮುಖ್ಯಸ್ಥೆ ಬೈಯಲಿಲ್ಲ. "ಮೊನ್ನೆಯೇ ಹೇಳಿದ್ದರೆ ಇನ್ನೊಬ್ಬರನ್ನು ಕೇಳಲು ಎರಡು ದಿನ ಜಾಸ್ತಿ ಸಿಗುತ್ತಿತ್ತು" ಎಂದರು. ಮರೆತದ್ದಕ್ಕೆ ಅವರು ಏನೂ ಅನ್ನಲಿಲ್ಲ. ಬಚ್ಚಿಟ್ಟ ಎರಡು ದಿನದ ಬಗ್ಗೆ ಮಾತ್ರ ಹೇಳಿದರು. ಕೊನೆಗೆ ನಮ್ಮದೇ ಕಾಲೇಜಿನ ಒಬ್ಬ ಮೇಡಂ ಬಂದು ನಿಜವಾದ ಒಂದು ಪ್ರಕರಣ ಇಟ್ಟುಕೊಂಡು ಎಲ್ಲರಿಂದ ಚರ್ಚೆ ಮಾಡಿಸಿದರು. ಅದು ಚೆನ್ನಾಗಿಯೇ ನಡೆಯಿತು. ಆದರೂ ಆ ಎರಡು ದಿನ ನನ್ನ ಮನಸ್ಸಿನಿಂದ ಹೋಗಿಲ್ಲ.

ಈಗ ನಾನು ಪಾಲಿಸುವ ಕ್ರಮ ಇದು. ತಪ್ಪು ಗೊತ್ತಾದ ಒಂದು ಗಂಟೆಯೊಳಗೆ ಮೂರು ವಾಕ್ಯ ಹೇಳಬೇಕು. ಏನಾಯಿತು. ಅದರಿಂದ ಯಾವುದಕ್ಕೆಲ್ಲ ತೊಂದರೆ. ಮುಂದೇನು ಮಾಡಬಹುದು ಅಂತ ನನ್ನ ಯೋಚನೆ. ಮೂರನೆಯದು ಹೊಳೆಯದಿದ್ದರೆ ಮೊದಲೆರಡನ್ನೇ ಹೇಳಿ. ಯಾಕೆ ಹೀಗಾಯಿತು ಅನ್ನುವ ಕಥೆಯನ್ನು ಆಮೇಲೆ ಹೇಳಿದರೂ ನಡೆಯುತ್ತದೆ. ಮುಂದೆ ವಾರ್ಡಿನಲ್ಲಿ, ಔಷಧ ಕೊಡುವ ಮೇಜಿನಲ್ಲಿ ಕೆಲಸ ಮಾಡುವವರು ನಾವು. ಕೊಟ್ಟ ಔಷಧಿಯ ಪ್ರಮಾಣ ತಪ್ಪಿದೆ ಅಂತ ಗೊತ್ತಾದ ಕ್ಷಣ ಬಾಯಿ ಬಿಟ್ಟು ಹೇಳುವ ಅಭ್ಯಾಸ ಒಂದೇ ದಿನದಲ್ಲಿ ಬರುವುದಿಲ್ಲ. ಒಂದು ಇ-ಮೇಲ್ ಮರೆತಾಗ ಹೇಳಿ ಅಭ್ಯಾಸ ಮಾಡಿಕೊಳ್ಳುವುದು ಎಷ್ಟೋ ಸುಲಭ.

ನೀವು ಮುಂದಾಳು ಆಗಿದ್ದರೆ, ಯಾರಾದರೂ ಬಂದು ತಪ್ಪು ಹೇಳಿದಾಗ ಮೊದಲ ಮಾತು "ಹೇಳಿದ್ದು ಒಳ್ಳೆಯದಾಯಿತು" ಅಂತಿರಲಿ.

10. ಮುಗಿದ ಮೇಲೆ

ಮೂರು ದಿನದೊಳಗೆ ಧನ್ಯವಾದದ ಪತ್ರ ಹೋಗಲಿ. ಸಭಾಂಗಣ ಸ್ವಚ್ಛ ಮಾಡಿದವರನ್ನೂ, ಧ್ವನಿ ವ್ಯವಸ್ಥೆ ನೋಡಿಕೊಂಡವರನ್ನೂ ಮರೆಯಬೇಡಿ. ಸರ್ಟಿಫಿಕೇಟಿನ ಹೆಸರುಗಳನ್ನು ಇಬ್ಬರು ಓದಿ ನೋಡಲಿ. ಹಣದ ಲೆಕ್ಕ ಎರಡು ವಾರದಲ್ಲಿ ಮುಗಿಸಿ ಎಲ್ಲರಿಗೂ ತೋರಿಸಿ.

ಅಭಿಪ್ರಾಯ ಕೇಳುವಾಗ "ಹೇಗಿತ್ತು?" ಅಂತಷ್ಟೇ ಕೇಳಿದರೆ "ಚೆನ್ನಾಗಿತ್ತು" ಅಂತಷ್ಟೇ ಉತ್ತರ ಬರುತ್ತದೆ. ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲು ಹೇಳಿದರು. ಬಂದವರಿಗೆ ಹಿಡಿಸಿತಾ, ಕಲಿತರಾ, ನಡವಳಿಕೆಯಲ್ಲಿ ತಂದರಾ, ಅದರಿಂದ ಫಲ ಬಂತಾ. ನಾವು ಮೊದಲನೆಯದರಲ್ಲೇ ನಿಂತುಬಿಡುತ್ತೇವೆ. ಐದೇ ಪ್ರಶ್ನೆ ಕೇಳಿ. ಅದರಲ್ಲಿ ಒಂದು "ಮುಂದಿನ ವಾರ ನೀವು ಬೇರೆ ರೀತಿ ಮಾಡುವ ಒಂದು ಕೆಲಸ ಯಾವುದು?" ಅಂತಿರಲಿ. ಎರಡು ತಿಂಗಳ ಮೇಲೆ ಅದೇ ಜನರಿಗೆ ಒಂದು ಸಾಲು ಬರೆದು "ಮಾಡಿದಿರಾ?" ಎಂದು ಕೇಳಿ. ಕಡಿಮೆ ಜನ ಉತ್ತರ ಕೊಡುತ್ತಾರೆ. ಆ ಕೆಲವೇ ಉತ್ತರಗಳು ಮುಂದಿನ ಸಮ್ಮೇಳನದ ವಿಷಯ ಆರಿಸಲು ನಮಗೆ ತುಂಬಾ ನೆರವಾದವು.

ನಿಮ್ಮ ಬೆಳವಣಿಗೆಯ ಲೆಕ್ಕವನ್ನೂ ಇಡಿ. ಕೆಲಸ ನಡೆಯುವ ತಿಂಗಳುಗಳಲ್ಲಿ ರಾತ್ರಿ ಮೂರು ಸಾಲು ಬರೆಯಿರಿ. ಇವತ್ತು ನಾನು ತೀರ್ಮಾನಿಸಿದ್ದು, ಇವತ್ತು ಯಾರನ್ನೋ ಕೇಳಿ ತಿಳಿದದ್ದು, ಇವತ್ತು ಮುಂದೂಡಿದ್ದು. ನನ್ನ ಮೂರನೇ ಸಾಲಿನಲ್ಲಿ ಪದೇ ಪದೇ "ಫೋನ್ ಮಾಡುವುದು" ಅಂತ ಬರುತ್ತಿತ್ತು. ಇ-ಮೇಲ್ ಎಷ್ಟಾದರೂ ಬರೆಯುತ್ತಿದ್ದೆ, ಗೊತ್ತಿಲ್ಲದವರಿಗೆ ಫೋನ್ ಮಾಡಲು ಮಾತ್ರ ಹೆದರುತ್ತಿದ್ದೆ. ಬರೆದಿಡದಿದ್ದರೆ ಅದು ನನಗೆ ಕಾಣುತ್ತಲೇ ಇರಲಿಲ್ಲ. ಮುಗಿದ ಮೇಲೆ ಜೊತೆಯಲ್ಲಿ ಕೆಲಸ ಮಾಡಿದ ಒಬ್ಬರನ್ನು ಕೂರಿಸಿಕೊಂಡು "ನನ್ನ ಜೊತೆ ಕೆಲಸ ಮಾಡುವಾಗ ಯಾವುದು ಕಷ್ಟ ಅನ್ನಿಸಿತು?" ಎಂದು ಕೇಳಿ. ಉತ್ತರ ಬರುವಾಗ ಸಮಜಾಯಿಷಿ ಕೊಡಬೇಡಿ, ಬರೆದುಕೊಳ್ಳಿ. ಅರ್ಜಿಗಳಲ್ಲಿ ಈ ಅನುಭವ ಬರೆಯುವಾಗ "ಸಮ್ಮೇಳನ ಸಂಘಟಿಸಿದೆ" ಅನ್ನಬೇಡಿ. ನೀವು ಮಾಡಿದ ತುಂಡನ್ನೇ ಬರೆಯಿರಿ. "ಹೆಸರು ತೆಗೆದು ಓದಿಸುವ ವ್ಯವಸ್ಥೆ ಮಾಡಿದೆ, ಆಯ್ಕೆ ಆಗದ ಪ್ರತಿಯೊಬ್ಬರಿಗೂ ಅಭಿಪ್ರಾಯ ಕಳಿಸಿದೆ" ಅಂದರೆ ಓದುವವರಿಗೆ ನಿಮ್ಮ ಕೆಲಸ ಕಣ್ಣಿಗೆ ಕಟ್ಟುತ್ತದೆ.

ಕೊನೆಯ ಕೆಲಸ ಮುಂದಿನ ತಂಡಕ್ಕೆ ಕಡತ ಒಪ್ಪಿಸುವುದು. ಪತ್ರಗಳ ಮಾದರಿ, ಅಂಕದ ಹಾಳೆ, ನಿಜವಾಗಿ ನಡೆದ ವೇಳಾಪಟ್ಟಿ, ಖರ್ಚಿನ ಲೆಕ್ಕ, ಹಣದ ನಿಯಮ ಎಲ್ಲ ಅದರಲ್ಲಿರಲಿ. ಬಂದವರ ಫೋನ್ ಸಂಖ್ಯೆ, ಆರೋಗ್ಯದ ಬಗ್ಗೆ ಅವರು ಅರ್ಜಿಯಲ್ಲಿ ಹೇಳಿಕೊಂಡ ಮಾತು ಇರಬಾರದು. ಅವನ್ನು ಅಳಿಸಿ. ಸಮ್ಮೇಳನದ ಇ-ಮೇಲ್ ಖಾತೆಯ ಪಾಸ್‌ವರ್ಡ್ ಬದಲಾಯಿಸಿ ಹೊಸಬರಿಗೆ ಕೊಡಿ. ಕಳಿಸಿ ಸುಮ್ಮನಾಗಬೇಡಿ, ಎದುರು ಕೂತು ಒಂದು ಗಂಟೆ ಮಾತಾಡಿ. ನಾನು ಒಪ್ಪಿಸಿದ ಕಡತದ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಎರಡು ಸಾಲು ಬರೆದಿದ್ದೆ: "ಪೋಸ್ಟರ್ ನಿಲುವಾಗಿ ಇರಬೇಕು ಅಂತ ಸೂಚನೆಯಲ್ಲಿ ಬರೆಯಿರಿ. ಹಲಗೆಯನ್ನು ನೀವೇ ಅಳೆಯಿರಿ."